ಯುರೇನಿಯಂ ಊರಿನ ತಕ್ಕಡಿ

ಕೆನಡಾದ ಟೊರಾಂಟೊದಿಂದ ಪೂರ್ವಕ್ಕೆ ಹೊರಟರೆ ಬಲಗಡೆ ಉದ್ದಕ್ಕೂ ಒಂಟಾರಿಯೊ ಸರೋವರ. ಆಚೆ ದಡ ಕಣ್ಣಿಗೆ ಸಿಗುವುದಿಲ್ಲ. ಅಲೆಗಳು ಎದ್ದು ಬಂದು ಕಲ್ಲಿಗೆ ಬಡಿಯುತ್ತವೆ. ಆದರೆ ದಡಕ್ಕಿಳಿದು ಉಸಿರೆಳೆದುಕೊಂಡರೆ ಉಪ್ಪಿನ ವಾಸನೆಯೇ ಇಲ್ಲ, ಅಷ್ಟೂ ಸಿಹಿನೀರು. ನಾನು ಕೋಲಾರ ಸೀಮೆಯವನು. ಸಾವಿರ ಅಡಿ ಕೊರೆದು, ನೀರು ಬಿದ್ದರೆ ಪೂಜೆ ಮಾಡಿಸುವ ಊರಲ್ಲಿ ಬೆಳೆದವನು. ಈ ಸರೋವರದ ವಿಸ್ತಾರ ಸುಮಾರು 19,000 ಚದರ ಕಿಲೋಮೀಟರ್. ನಮ್ಮ ಜಿಲ್ಲೆಯಂಥ ನಾಲ್ಕು ಜಿಲ್ಲೆಗಳನ್ನು ಮುಳುಗಿಸಿದರೂ ಇದರಲ್ಲಿ ಇನ್ನೂ ಜಾಗ ಉಳಿಯುತ್ತದೆ.

ಸುಮಾರು ನೂರು ಕಿಲೋಮೀಟರ್ ದಾಟಿದ ಮೇಲೆ ಪೋರ್ಟ್ ಹೋಪ್ ಬಂತು. ಅಲ್ಲಿನ ಯುರೇನಿಯಂ ಇಂಧನದ ಕಾರ್ಖಾನೆಯಲ್ಲಿ ನನಗೆ ಅನಲಿಟಿಕಲ್ ಕೆಮಿಸ್ಟ್ ಕೆಲಸ ಸಿಕ್ಕಿತ್ತು. ಬೆಂಗಳೂರಿನ ಔಷಧ ಕಂಪನಿಗಳ ಲ್ಯಾಬಿನಲ್ಲಿ ಮಾತ್ರೆಗಳನ್ನು ಪರೀಕ್ಷೆ ಮಾಡಿಕೊಂಡಿದ್ದ ನಾನು, ಯುರೇನಿಯಂ ಊರೆಂದರೆ ಮುಳ್ಳುತಂತಿಯ ಬೇಲಿ, ಬಂದೂಕು ಹಿಡಿದ ಕಾವಲು ಎಂದುಕೊಂಡೇ ಹೋಗಿದ್ದೆ. ಎದುರಾದದ್ದು ಇಳಿಜಾರಿನಲ್ಲಿ ಕೆಂಪು ಇಟ್ಟಿಗೆಯ ಹಳೇ ಅಂಗಡಿಗಳ ಸಾಲು, ಕೆಳಗೆ ಗಾನರಾಸ್ಕ ಎಂಬ ಹೊಳೆ. ಸೆಪ್ಟೆಂಬರ್ ತಿಂಗಳು. ಸರೋವರದ ಸಾಲ್ಮನ್ ಮೀನುಗಳು ಮೊಟ್ಟೆಯಿಡಲು ಹೊಳೆಯ ಸೆಳವಿಗೆ ಎದುರಾಗಿ ಮೇಲಕ್ಕೆ ಹೊರಟಿದ್ದವು. ಒಡ್ಡಿನ ಪಕ್ಕದಲ್ಲಿ ಅವುಗಳಿಗಾಗಿಯೇ ನೀರಿನ ಮೆಟ್ಟಿಲು ಕಟ್ಟಿದ್ದಾರೆ. ಮೊಳಕ್ಕೂ ಉದ್ದದ ಮೀನು ಒಂದೊಂದೇ ಮೆಟ್ಟಿಲು ನೆಗೆಯುವುದನ್ನು ನೋಡಲು ಮಕ್ಕಳು ಮರಿ ಸಮೇತ ಊರೇ ನೆರೆದಿತ್ತು.

ಆ ಹೊಳೆ ಸರೋವರ ಸೇರುವ ಬಂದರಿನ ಪಕ್ಕದಲ್ಲೇ ಕಾರ್ಖಾನೆ. ನಮ್ಮ ಕೈಗಾ ಅಣುಸ್ಥಾವರ ಕಾಳಿ ನದಿಯ ದಂಡೆಯ ದಟ್ಟ ಕಾಡಿನೊಳಗೆ ಅಡಗಿ ಕುಳಿತಿದೆ; ಇಲ್ಲಿ ಪೇಟೆಬೀದಿಯಿಂದ ನಡೆದೇ ಹೋಗಬಹುದು. ಇದಕ್ಕೊಂದು ಹಳೆಯ ಕಾರಣವಿದೆ. 1930ರಲ್ಲಿ ಗಿಲ್ಬರ್ಟ್ ಲಾಬೈನ್ ಎಂಬ ಗಣಿ ಶೋಧಕ ಉತ್ತರದ ಹಿಮಸೀಮೆಯ ಗ್ರೇಟ್ ಬೇರ್ ಸರೋವರದ ಬಳಿ ಕಪ್ಪು ಪಿಚ್‌ಬ್ಲೆಂಡ್ ಅದಿರನ್ನು ಕಂಡ. ಆ ನೆಲದ ಡೆನೆ ಜನ ಅದಿರಿನ ಮೂಟೆಗಳನ್ನು ಬೆನ್ನ ಮೇಲೆ ಹೊತ್ತು ದೋಣಿಗೆ ಏರಿಸಿದರು. ಸಾವಿರಾರು ಕಿಲೋಮೀಟರ್ ದಾಟಿ ಬಂದ ಅದಿರನ್ನು ಶುದ್ಧ ಮಾಡಲು 1933ರಲ್ಲಿ ಈ ಬಂದರಿನಲ್ಲಿ ಕೆಲಸ ಶುರುವಾಯಿತು. ಆಗ ಬೇಕಿದ್ದದ್ದು ಕ್ಯಾನ್ಸರ್ ಚಿಕಿತ್ಸೆಗೆ ರೇಡಿಯಂ. ಯುರೇನಿಯಂ ಉಳಿಕೆಯ ಸರಕು. ಎರಡನೇ ಮಹಾಯುದ್ಧ ಆ ಲೆಕ್ಕವನ್ನು ತಲೆಕೆಳಗು ಮಾಡಿತು. ಅಮೆರಿಕದ ಅಣುಬಾಂಬ್ ಯೋಜನೆಗೆ ಇಲ್ಲಿಂದಲೂ ಯುರೇನಿಯಂ ಹೋಯಿತು.

ಈಗ ಯುರೇನಿಯಂ ಬರುವುದು ಸಸ್ಕಾಚೆವಾನ್ ಪ್ರಾಂತ್ಯದಿಂದ. ಅಲ್ಲಿ ಸಿಗಾರ್ ಲೇಕ್‌ನಂಥ ಗಣಿಗಳಲ್ಲಿ ನೂರು ಪಾಲು ಅದಿರಿಗೆ ಹತ್ತು ಪಾಲಿಗೂ ಮಿಗಿಲಾಗಿ ಯುರೇನಿಯಂ ಸಿಗುತ್ತದೆ. ಜಾರ್ಖಂಡಿನ ನಮ್ಮ ಜಾದೂಗುಡದಲ್ಲಿ ಅದು ಶೇಕಡಾ 0.1ಕ್ಕೂ ಕಡಿಮೆ. ಅಂಥ ಸಿರಿವಂತ ಅದಿರಿನ ಸುತ್ತ ನೀರು ನುಗ್ಗದಂತೆ ನೆಲವನ್ನೇ ಹೆಪ್ಪುಗಟ್ಟಿಸಿ ಗಣಿ ತೋಡುತ್ತಾರೆಂದು ಕೇಳಿ ನಾನು ಬೆರಗಾದೆ.

ಒಳಗೆ ಕಾಲಿಟ್ಟಾಗ ಮೊದಲು ಹಿಡಿದು ನಿಲ್ಲಿಸಿದ್ದು ಬಣ್ಣ. ಹ್ಯೂರಾನ್ ಸರೋವರದ ದಡದ ಬ್ಲೈಂಡ್ ರಿವರ್ ಕಾರ್ಖಾನೆಯಲ್ಲಿ ಶುದ್ಧವಾಗಿ ಬರುವ ಪುಡಿ ಕಿತ್ತಳೆ ಬಣ್ಣದ್ದು. ಅದನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ಅಮೋನಿಯಾ ಬೆರೆಸಿದರೆ ಅಪ್ಪಟ ಅರಿಶಿನದಂಥ ಹಳದಿ ತಳಕ್ಕಿಳಿಯುತ್ತದೆ. ಆ ಹಳದಿಯನ್ನು ಹೈಡ್ರೋಜನ್‌ನಲ್ಲಿ ಕಾಯಿಸಿದರೆ ಕಂದುಗಪ್ಪಿನ ಯುರೇನಿಯಂ ಡೈಆಕ್ಸೈಡ್. ರಿಯಾಕ್ಟರಿಗೆ ಹೋಗುವುದು ಇದೇ. ಇನ್ನೊಂದು ದಾರಿಯಲ್ಲಿ ಫ್ಲೋರಿನ್ ಸೇರುತ್ತ ಹೋಗಿ ಪುಡಿ ಮೊದಲು ಹಸಿರಾಗುತ್ತದೆ, ಕಡೆಗೆ ಬಿಳಿ ಹರಳಾಗುತ್ತದೆ. ಬಣ್ಣದಷ್ಟೇ ಅಚ್ಚರಿ ಅದರ ತೂಕ. ಬೆರಳುದ್ದದ ಶೀಶೆಯನ್ನು ಎತ್ತಿಕೊಂಡಾಗ, ಇಷ್ಟು ಚಿಕ್ಕದರಲ್ಲಿ ಇಷ್ಟು ಭಾರ ಹೇಗೆ ಎಂದು ಕೈ ಒಮ್ಮೆ ತಡೆಯಿತು.

ನನಗೆ ಕೆಲಸ ತೋರಿಸಿಕೊಟ್ಟ ಹಿರಿಯ ಕೆಮಿಸ್ಟ್ ಹೆಂಗಸು ಶುರುವಿಗೇ ಹೇಳಿದರು: “ಇದರ ವಿಕಿರಣಕ್ಕೆ ಹೆದರಬೇಡ, ಧೂಳಿಗೆ ಹೆದರು.” ಯುರೇನಿಯಂ-238 ಅರ್ಧ ಕರಗಲು ಸುಮಾರು 450 ಕೋಟಿ ವರ್ಷ ತೆಗೆದುಕೊಳ್ಳುತ್ತದೆ, ಹಾಗಾಗಿ ಅದರ ವಿಕಿರಣ ಮಂದ. ಅದು ಹೊರಸೂಸುವ ಆಲ್ಫಾ ಕಣ ಚರ್ಮವನ್ನು ದಾಟಲಾರದು. ಆದರೆ ಧೂಳು ಉಸಿರಿನ ಜೊತೆ ಒಳಗೆ ಹೋದರೆ ಶ್ವಾಸಕೋಶಕ್ಕೆ ತೊಂದರೆ, ರಕ್ತಕ್ಕೆ ಸೇರಿದರೆ ಮೂತ್ರಪಿಂಡಕ್ಕೆ ವಿಷ. ಅದಕ್ಕೇ ಎದೆಯ ಮೇಲೆ ವಿಕಿರಣ ಅಳೆಯುವ ಬ್ಯಾಡ್ಜ್, ಹೊರಗೆ ಬರುವಾಗ ಕೈಕಾಲಿನ ತಪಾಸಣೆ, ತಪ್ಪದೆ ಮೂತ್ರದ ಸ್ಯಾಂಪಲ್. ಇಂಧನವನ್ನು ಅಳೆಯುವವರನ್ನೂ ಅಳೆಯುವ ಊರು ಇದು.

ಆಮೇಲೆ ಅವರು ಯುರೇನಿಯಂ ಅಳೆಯುವ ಟೈಟ್ರೇಷನ್ ತೋರಿಸಿದರು. ಡೇವಿಸ್ ಮತ್ತು ಗ್ರೇ ಎಂಬಿಬ್ಬರು 1964ರಲ್ಲಿ ಪ್ರಕಟಿಸಿದ ವಿಧಾನ. ಫಾಸ್ಫಾರಿಕ್ ಆಮ್ಲದಲ್ಲಿರುವ ಯುರೇನಿಯಂ ಅನ್ನು ಫೆರಸ್ ಕಬ್ಬಿಣದಿಂದ ಅಪಕರ್ಷಿಸಿ, ಉಳಿದ ಕಬ್ಬಿಣವನ್ನು ನೈಟ್ರಿಕ್ ಆಮ್ಲದಿಂದ ತೀರಿಸಿ, ಕೊನೆಗೆ ಪೊಟ್ಯಾಸಿಯಂ ಡೈಕ್ರೋಮೇಟ್ ಹನಿಸುವುದು. ಕಬ್ಬಿಣ ಅಳೆಯಲು ಬಿ.ಎಸ್ಸಿ.ಯಲ್ಲಿ ನಾವು ಹಿಡಿದಿದ್ದ ಅದೇ ಡೈಕ್ರೋಮೇಟ್! ಆದರೆ ಇಲ್ಲಿ ಬ್ಯೂರೆಟ್ಟಿನ ಗೆರೆ ನೋಡಿ ಓದಿದರೆ ಸಾಲದು. ಹಾಕಿದ ದ್ರಾವಣವನ್ನು ತಕ್ಕಡಿಯಲ್ಲೇ ತೂಗುತ್ತಾರೆ. ಮುಗಿಯುವ ಹಂತವನ್ನು ಎಲೆಕ್ಟ್ರೋಡ್ ಹೇಳುತ್ತದೆ. ಇಷ್ಟು ಕಟ್ಟುನಿಟ್ಟು ಯಾಕೆ ಎಂದು ಕೇಳಿದೆ. ಅವರು ಲೆಕ್ಕ ಹಾಕಿ ತೋರಿಸಿದರು: ಸಾವಿರ ಟನ್ನಿನಲ್ಲಿ ಶೇಕಡಾ 0.1 ತಪ್ಪಾದರೂ ಒಂದು ಟನ್ ಯುರೇನಿಯಂ ಪುಸ್ತಕದಿಂದ ಮಾಯವಾದಂತೆ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತನಿಖಾಧಿಕಾರಿಗಳು ಬಂದು ಕೇಳುವುದು ಆ ಲೆಕ್ಕವನ್ನೇ.

ನನ್ನನ್ನು ಬಹಳ ಹೊತ್ತು ಯೋಚನೆಗೆ ಹಚ್ಚಿದ್ದು ಬೋರಾನ್. ಅದು ನ್ಯೂಟ್ರಾನ್‌ಗಳನ್ನು ನುಂಗುವ ಧಾತು. ಇಂಧನದಲ್ಲಿ ಅದು ಹತ್ತು ಲಕ್ಷ ಪಾಲಿಗೆ ಒಂದು ಪಾಲೂ ಇರಬಾರದು. ಇದ್ದರೆ ಸರಣಿ ಕ್ರಿಯೆಗೆ ಬೇಕಾದ ನ್ಯೂಟ್ರಾನ್‌ಗೆ ಖೋತಾ. ಆದರೆ ಲ್ಯಾಬಿನ ಬೀಕರ್, ಫ್ಲಾಸ್ಕ್‌ಗಳೆಲ್ಲ ಬೋರೋಸಿಲಿಕೇಟ್ ಗಾಜಿನವು. ಹುಡುಕುವ ಕಳ್ಳ ಹುಡುಕುವ ಪಾತ್ರೆಯಲ್ಲೇ ಕೂತಿದ್ದಾನೆ! ಆದ್ದರಿಂದ ಈ ಪರೀಕ್ಷೆಗೆ ಗಾಜು ದೂರ. ಸ್ಫಟಿಕಶಿಲೆಯ ಕ್ವಾರ್ಟ್ಜ್, ಪ್ಲಾಟಿನಂ, ಟೆಫ್ಲಾನ್ ಪಾತ್ರೆಗಳೇ ಬೇಕು. ಹಾಗೆಯೇ ನ್ಯೂಟ್ರಾನ್ ನುಂಗುವ ಕ್ಯಾಡ್ಮಿಯಂ, ಗ್ಯಾಡೊಲಿನಿಯಂ ಹುಡುಕುವಾಗ ಇನ್ನೊಂದು ತೊಡಕು. ಪ್ಲಾಸ್ಮಾ ಜ್ವಾಲೆಯಲ್ಲಿ ಯುರೇನಿಯಂ ಸಾವಿರಾರು ಬೆಳಕಿನ ಗೆರೆಗಳನ್ನು ಚೆಲ್ಲಿ ಬೇರೆ ಧಾತುಗಳ ಗೆರೆಗಳನ್ನು ಮುಚ್ಚಿಬಿಡುತ್ತದೆ. ಮೊದಲು ಯುರೇನಿಯಂ ಅನ್ನೇ ದ್ರಾವಕದಲ್ಲಿ ಸೆಳೆದು ತೆಗೆದು, ಉಳಿದ ನೀರಿನಲ್ಲಿ ಸಣ್ಣವರನ್ನು ಹುಡುಕಬೇಕು.

ಹೀಗೆ ಪಾಸಾದ ಪುಡಿಯನ್ನು ಒತ್ತಿ ಸುಟ್ಟರೆ ಬೆರಳ ತುದಿಯಷ್ಟು ಕಪ್ಪು ಪೆಲೆಟ್. ಸುಮಾರು 20 ಗ್ರಾಂ ತೂಗುವ ಒಂದು ಪೆಲೆಟ್ ಕೆನಡಾದ ಕ್ಯಾಂಡು ರಿಯಾಕ್ಟರಿನಲ್ಲಿ ಕೊಡುವ ಶಾಖಕ್ಕೆ ಸುಮಾರು 400 ಕಿಲೋ ಕಲ್ಲಿದ್ದಲು ಸುಡಬೇಕು. ಪೆಲೆಟ್ಟಿನೊಳಗಿನ ಹೈಡ್ರೋಜನ್ ಕೂಡ ನಮ್ಮ ಲ್ಯಾಬಿನ ಪರೀಕ್ಷೆ ದಾಟಬೇಕು. ಒಂದಿಷ್ಟು ತೇವ ಉಳಿದರೂ ಪೆಲೆಟ್ ತುಂಬಿದ ಜಿರ್ಕೋನಿಯಂ ಕೊಳವೆ ಪೆಡಸಾಗಿ ಬಿರಿಯಬಹುದು. ಇಂಥ ಕೊಳವೆ-ಕಡ್ಡಿಗಳನ್ನು ಕಟ್ಟಿದ ಕ್ಯಾಂಡು ಬಂಡಲ್ ಅರ್ಧ ಮೀಟರ್ ಉದ್ದ, 37 ಕಡ್ಡಿ. ಕೈಗಾದ್ದು 19 ಕಡ್ಡಿ, ಹೈದರಾಬಾದಿನಲ್ಲಿ ತಯಾರಾಗುವಂಥದ್ದು. ಎರಡೂ ಒಂದೇ ವಂಶದವು: ನೈಸರ್ಗಿಕ ಯುರೇನಿಯಂ, ಭಾರಜಲ. ರಾಜಸ್ಥಾನದ ರಾವತ್‌ಭಾಟದಲ್ಲಿ ನಮ್ಮ ಮೊದಲ ಭಾರಜಲ ರಿಯಾಕ್ಟರ್ ಕಟ್ಟಲು ಕೈಜೋಡಿಸಿದ್ದು ಕೆನಡಾ. 1974ರ ಪೋಖ್ರಾನ್ ಪರೀಕ್ಷೆಯ ನಂತರ ಆ ನಂಟು ಕಡಿಯಿತು. ನಮ್ಮವರು ಸ್ವಂತ ಬಲದಲ್ಲೇ ಮುಂದುವರಿದರು. ಕೈಗಾದ ಒಂದನೇ ಘಟಕ 2018ರ ಕೊನೆಯವರೆಗೆ 962 ದಿನ ಎಡೆಬಿಡದೆ ಓಡಿದ್ದನ್ನು ನಾನು ಅಲ್ಲಿ ಹೇಳಿದಾಗ ಲ್ಯಾಬಿನವರೆಲ್ಲ ತಲೆದೂಗಿದರು. ಅಷ್ಟು ದಿನ ಓಡಬೇಕಾದರೆ ಇಂಧನ ಎಷ್ಟು ಶುದ್ಧವಿರಬೇಕು ಎಂಬುದು ಅವರಿಗೆ ಯಾರೂ ವಿವರಿಸಬೇಕಿರಲಿಲ್ಲ.

ರಜೆಯ ದಿನಗಳಲ್ಲಿ ಊರು ಸುತ್ತಿದಾಗ ಇನ್ನೊಂದು ಪೋರ್ಟ್ ಹೋಪ್ ಕಂಡೆ. ರೇಡಿಯಂ ಕಾಲದ ಕಸವನ್ನು ಆಗಿನವರು ಅಳೆಯದೆ ಸುರಿದಿದ್ದರು. ಆ ಮಣ್ಣು ಮನೆಗಳ ಅಡಿಪಾಯಕ್ಕೆ, ಅಂಗಳಕ್ಕೆ, ರಸ್ತೆಗೆ ತುಂಬಣಿಯಾಗಿ ಹೋಯಿತು. 1975ರಲ್ಲಿ ಒಂದು ಶಾಲೆಯೊಳಗೆ ರೇಡಾನ್ ಅನಿಲ ಸೇರಿಕೊಂಡಿರುವುದು ಗೊತ್ತಾಗಿ ಮಕ್ಕಳನ್ನು ಬೇರೆಡೆಗೆ ಕಳಿಸಿದರು. ಇವತ್ತು ಮನೆ ಮನೆಯ ಅಂಗಳ ತೋಡಿ, ಮಣ್ಣು ಪರೀಕ್ಷಿಸಿ, ಕೆಟ್ಟದ್ದನ್ನು ಊರಾಚೆ ಪದರ ಹಾಸಿದ ಗುಡ್ಡಕ್ಕೆ ಸಾಗಿಸಿ ಮುಚ್ಚುತ್ತಿದ್ದಾರೆ. ಈ ಪ್ರದೇಶದ ಶುದ್ಧೀಕರಣಕ್ಕೆ 2012ರಲ್ಲಿ ಸರ್ಕಾರ ಘೋಷಿಸಿದ್ದು 128 ಕೋಟಿ ಡಾಲರ್. ಅಗೆಯುವ ಯಂತ್ರಗಳನ್ನು ನೋಡುತ್ತಾ ನಿಂತವನಿಗೆ ಕೆಜಿಎಫ್‌ನ ಸೈನೈಡ್ ದಿಬ್ಬಗಳು ಕಣ್ಣ ಮುಂದೆ ಬಂದವು. ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ದಿಬ್ಬಗಳು ಉಳಿದವು, ಗಾಳಿ ಬೀಸಿದರೆ ಆ ಧೂಳು ಈಗಲೂ ಓಣಿಗಳಿಗೆ ನುಗ್ಗುತ್ತದೆ.

ಇದಕ್ಕಿಂತ ಹತ್ತಿರದ ಮಾತು ನೀರಿನದು. ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಆಳದ ಕೊಳವೆಬಾವಿಗಳಲ್ಲಿ ಯುರೇನಿಯಂ ಇದೆ. ಯಾವ ಕಾರ್ಖಾನೆಯೂ ಸುರಿದದ್ದಲ್ಲ. ಗ್ರಾನೈಟ್ ಬಂಡೆಯಿಂದಲೇ ಕರಗಿ ಬಂದದ್ದು. ಕುಡಿಯುವ ನೀರಿನ ಲೀಟರಿಗೆ ಕೆನಡಾ ಇಟ್ಟಿರುವ ಮಿತಿ 20 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆಯದು 30, ನಮ್ಮ ಅಣುಶಕ್ತಿ ನಿಯಂತ್ರಣ ಮಂಡಳಿ ಹಿಂದೆ ಇಟ್ಟಿದ್ದು 60. ಪೋರ್ಟ್ ಹೋಪ್‌ನಲ್ಲಿ ನಾನು ಕೂತು ಮಾಡುತ್ತಿದ್ದದ್ದೂ ಇಂಥದೇ ಸೂಕ್ಷ್ಮ ಅಳತೆ. ಆ ಕೈಚಳಕ ನಮ್ಮವರಿಗೆ ಹೊಸದಲ್ಲ. ನಮ್ಮ ಅಣುಶಕ್ತಿ ಇಲಾಖೆಯ ಕೆಮಿಸ್ಟರು ಪೆಲೆಟ್ಟಿನ ಬೋರಾನ್ ಹಿಡಿಯಬಲ್ಲರು. ನೀರಿನ ಯುರೇನಿಯಂ ಅವರಿಗೆ ಸುಲಭದ ಕೆಲಸ. ಹಸಿರು ಬೆಳಕಾಗಿ ಮಿನುಗಿಸಿ ಅಳೆಯುವ ಫ್ಲೋರಿಮೀಟರ್ ಒಂದು ಮೇಜಿನ ಮೇಲೆ ಕೂರುವ ಯಂತ್ರ.

ದೂರದ ಆ ಊರಲ್ಲಿ ನಾನು ಕಂಡ ದೊಡ್ಡ ಅದ್ಭುತ ಪರಮಾಣುವಿನ ಶಕ್ತಿಯಲ್ಲ, ಅಳೆಯದೆ ಒಂದು ಹೆಜ್ಜೆಯೂ ಇಡದ ಶಿಸ್ತು. ಆ ಶಿಸ್ತು ಇಲ್ಲದಿದ್ದ ಕಾಲದ ಸಾಲವನ್ನು ಊರು ಈಗ ತೀರಿಸುತ್ತಿರುವುದನ್ನೂ ಕಂಡೆ. ರಿಯಾಕ್ಟರಿಗೆ ಹೋಗುವ ಪುಡಿಗೆ ಸಲ್ಲುವ ತಕ್ಕಡಿ, ಮಕ್ಕಳು ಕುಡಿಯುವ ನೀರಿಗೂ ಸಲ್ಲಬೇಕು. ನಮ್ಮ ತಾಲ್ಲೂಕಿಗೊಂದು ನೀರಿನ ಲ್ಯಾಬ್, ಅಲ್ಲಿ ಕೆಲಸ ಬಲ್ಲ ಕೆಮಿಸ್ಟ್, ಪಂಚಾಯಿತಿ ಗೋಡೆಯ ಮೇಲೆ ಪ್ರತಿ ಕೊಳವೆಬಾವಿಯ ಅಂಕಿ: ಕೋಲಾರಕ್ಕೆ ಇದು ಆಗಲೇಬೇಕು. ಆಗಬಲ್ಲದು ಎಂಬುದನ್ನು ನಾನು ಕೈಯಾರೆ ಅಳೆದು ಬಲ್ಲೆ.