ಕ್ಯಾಲೆಂಡರಿನಲ್ಲೊಂದು ಚುಕ್ಕೆ

ನಮ್ಮ ಕಡೆ ಅಡುಗೆಮನೆ ಬಾಗಿಲ ಹಿಂದೆ ತಿಥಿ, ನಕ್ಷತ್ರ, ರಾಹುಕಾಲ ಎಲ್ಲ ಇರುವ ಕ್ಯಾಲೆಂಡರೊಂದು ತೂಗುತ್ತಿರುತ್ತದಲ್ಲ, ಅದನ್ನು ಒಮ್ಮೆ ಹತ್ತಿರ ಹೋಗಿ ನೋಡಿ. ಹಾಲು ಬೇಡ ಎಂದ ದಿನಕ್ಕೆ ಅಡ್ಡಗೀಟು, ಗ್ಯಾಸ್ ಬಂದ ದಿನಕ್ಕೆ ‘ಗ್ಯಾ’ ಎಂಬ ಒಂದಕ್ಷರ, ಚೀಟಿ ದುಡ್ಡು ಕಟ್ಟುವ ದಿನಕ್ಕೆ ಒಂದು ಸುತ್ತು. ಇವುಗಳ ನಡುವೆ ಯಾವುದೋ ತಾರೀಖಿನ ಮೂಲೆಯಲ್ಲಿ ಬಾಲ್‌ಪೆನ್ನಿನ ತುದಿ ತಾಗಿಸಿದಷ್ಟೇ ಸಣ್ಣ ಚುಕ್ಕೆ. ಹಾಲಿನ ಲೆಕ್ಕದಲ್ಲಿ ಅರ್ಧ ಲೀಟರ್ ಹೆಚ್ಚುಕಮ್ಮಿಯಾದರೆ ತಿಂಗಳ ಕೊನೆಗೆ ಪಂಚಾಯಿತಿ ಕೂಡಿಸುವ ಯಜಮಾನರೂ ಈ ಚುಕ್ಕೆ ಯಾಕೆ ಎಂದು ಕೇಳಿದವರಲ್ಲ. ಈಗಿನ ಹುಡುಗಿಯರು ಚುಕ್ಕೆಯನ್ನು ಮೊಬೈಲಿಗೆ ಸಾಗಿಸಿದ್ದಾರೆ. ಇನ್ನೆರಡು ದಿನ ಇದೆ ಎಂದು ಆ್ಯಪು ನೆನಪಿಸುತ್ತದಂತೆ. ನನಗೆ ಅದರ ಅಗತ್ಯ ಬಿದ್ದಿಲ್ಲ. ಪಾತ್ರೆಯೆಲ್ಲ ತೊಳೆದಿಟ್ಟ ಮೇಲೆ ಸಿಂಕಿನಲ್ಲಿ ಯಾರೋ ಹಾಕಿಹೋದ ಒಂದೇ ಒಂದು ಚಮಚ ಕಂಡು ಕಣ್ಣಲ್ಲಿ ನೀರು ತುಂಬಿತೋ, ಇನ್ನೆರಡು ದಿನ ಎಂದೇ ಅರ್ಥ.

ಚಮಚಕ್ಕೆ ಅಳು ಬರುವುದಕ್ಕೂ ಕಾರಣ ಇದೆ. ಪುಸ್ತಕದಲ್ಲಿ 28 ದಿನದ ಚಕ್ರ ಅಂತಿರುತ್ತದೆ. 21ರಿಂದ 35 ದಿನದೊಳಗೆ ಯಾವಾಗ ಬಂದರೂ ಸರಿಯೇ ಎನ್ನುತ್ತಾರೆ ಡಾಕ್ಟರು. ಮೊದಲರ್ಧದಲ್ಲಿ ಈಸ್ಟ್ರೊಜೆನ್ ಏರುತ್ತದೆ, ಅಂಡ ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನಿನ ಕಾರುಬಾರು. ಬಸಿರು ನಿಲ್ಲದಿದ್ದರೆ ಕಡೆಯ ಕೆಲವು ದಿನಗಳಲ್ಲಿ ಎರಡೂ ದಡದಡನೆ ಇಳಿಯುತ್ತವೆ. ಎದೆಬಿಗಿತ, ಹೊಟ್ಟೆ ಉಬ್ಬರ, ನಡುರಾತ್ರಿ ಎಚ್ಚರ, ಡಬ್ಬಿಯ ತಳದಲ್ಲಿದ್ದ ಮೈಸೂರುಪಾಕು ಹುಡುಕಿ ತಿನ್ನುವ ಆಸೆ, ಸಿಡುಕು, ಅಳು ಎಲ್ಲ ಈ ದಿನಗಳ ಪರಿವಾರ. ಆಮೇಲೆ ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಗರ್ಭಕೋಶವನ್ನು ಹಿಂಡತೊಡಗಿದರೆ ಹೊಟ್ಟೆನೋವು. ತಮಾಷೆ ಎಂದರೆ ಸ್ರಾವ ಶುರುವಾದೊಡನೆ ಎಷ್ಟೋ ಜನಕ್ಕೆ ಮನಸ್ಸು ಹಗುರಾಗಿಬಿಡುತ್ತದೆ. ಕೆಳಗೆ ನೋವು, ಮೇಲೆ ನಿರಾಳ. ನಿನ್ನೆ ಪ್ರಪಂಚವೇ ಮುಳುಗಿಹೋಗಿತ್ತಲ್ಲ, ಅದಕ್ಕೆ ಇದೇನಾ ಕಾರಣ ಎಂದು ನಮಗೆ ನಾವೇ ನಗುವ ಹಾಗಾಗುತ್ತದೆ.

ಇದು ವೈದ್ಯರ ಪುಸ್ತಕಕ್ಕೆ ಬಂದದ್ದು ತಡವಾಗಿ. 1931ರಲ್ಲಿ ನ್ಯೂಯಾರ್ಕಿನ ರಾಬರ್ಟ್ ಫ್ರಾಂಕ್ ಎಂಬ ಡಾಕ್ಟರು ಮುಟ್ಟಿನ ಮುಂಚಿನ ಉದ್ವೇಗದ ಬಗ್ಗೆ ಬರೆದರು. 1953ರಲ್ಲಿ ಇಂಗ್ಲೆಂಡಿನ ಕ್ಯಾಥರೀನಾ ಡಾಲ್ಟನ್, ರೇಮಂಡ್ ಗ್ರೀನ್ ಸೇರಿ ಪಿಎಂಎಸ್ ಎಂಬ ಹೆಸರಿಟ್ಟರು. ಡಾಲ್ಟನ್‌ಗೆ ಈ ವಿಷಯ ಹೊಳೆದದ್ದು ಸ್ವಂತ ತಲೆನೋವಿನಿಂದ. ತಿಂಗಳು ತಿಂಗಳೂ ಮುಟ್ಟಿನ ಮುಂಚೆ ಬರುತ್ತಿದ್ದ ಮೈಗ್ರೇನು ಬಸುರಿಯಾಗಿದ್ದಾಗ ಮಾಯವಾಯಿತಂತೆ. ತಲೆನೋವಿದ್ದವಳೇ ಡಾಕ್ಟರೂ ಆಗಿದ್ದರಿಂದ ನಮಗೆಲ್ಲ ಒಂದು ಹೆಸರು ದಕ್ಕಿತು.

ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ಪ್ರಯೋಗ. 1998ರಲ್ಲಿ ಅಮೆರಿಕದ ಪೀಟರ್ ಶ್ಮಿಟ್ ಮತ್ತು ಸಂಗಡಿಗರು ಮಾಡಿದ್ದು. ಪಿಎಂಎಸ್ ಕಾಟ ಇರುವ ಹೆಂಗಸರು ಕೆಲವರು, ಇಲ್ಲದವರು ಕೆಲವರು. ಔಷಧ ಕೊಟ್ಟು ಅಂಡಾಶಯದ ಹಾರ್ಮೋನನ್ನೇ ನಿಲ್ಲಿಸಿದಾಗ ಕಾಟ ಇದ್ದವರಲ್ಲಿ ಹಲವರಿಗೆ ಆರಾಮಾಯಿತು. ಆಮೇಲೆ ಅವೇ ಹಾರ್ಮೋನುಗಳನ್ನು ಹೊರಗಿನಿಂದ ಕೊಟ್ಟು ನೋಡಿದರು. ಮೊದಲಿಂದ ಕಾಟ ಇದ್ದವರಿಗೆ ಅಳು, ಬೇಸರ ಮತ್ತೆ ಬಂತು. ಉಳಿದವರಿಗೆ ಅದೇ ಹಾರ್ಮೋನು ಏನೂ ಮಾಡಲಿಲ್ಲ. ಒಬ್ಬಳಿಗೆ ಹಾರ್ಮೋನು ಜಾಸ್ತಿ, ಇನ್ನೊಬ್ಬಳಿಗೆ ಕಮ್ಮಿ ಅಂತೇನಿಲ್ಲ; ಅದೇ ಒಗ್ಗರಣೆಯ ಘಾಟಿಗೆ ಒಬ್ಬರು ಕೆಮ್ಮುತ್ತಾರೆ, ಪಕ್ಕದಲ್ಲೇ ನಿಂತವರು ಆರಾಮಾಗಿ ಮಾತಾಡುತ್ತಿರುತ್ತಾರೆ. ಈ ಸಂಗತಿಯನ್ನು ದಪ್ಪಕ್ಷರದಲ್ಲಿ ಬರೆಸಿ ಪ್ರತಿ ಮನೆಯ ಹಜಾರದಲ್ಲೂ ತೂಗುಹಾಕಬೇಕು ಎಂದು ನನ್ನ ಆಸೆ. ಯಾಕೆಂದರೆ ಈ ವಿಷಯದಲ್ಲಿ ಹೆಂಗಸಿಗೆ ಗಂಡಸು ಎಷ್ಟು ಕಷ್ಟ ಕೊಟ್ಟಿದ್ದಾನೋ, ‘ನನಗೇನೂ ಆಗಲ್ಲಪ್ಪ’ ಎನ್ನುವ ಇನ್ನೊಬ್ಬ ಹೆಂಗಸೂ ಅಷ್ಟೇ ಕೊಟ್ಟಿದ್ದಾಳೆ. ಗಂಡಸಿಗಾದರೂ ಗೊತ್ತಿಲ್ಲ ಎಂಬ ನೆಪ ಉಂಟು.

ನಮ್ಮ ದೊಡ್ಡಮ್ಮನನ್ನೇ ತಗೊಳ್ಳಿ. ಮೊಮ್ಮಗಳು ಬಿಸಿನೀರಿನ ಚೀಲ ಹೊಟ್ಟೆಗಿಟ್ಟುಕೊಂಡು ಸೋಫಾದ ಮೇಲೆ ಮುದುಡಿದ್ದಾಗ ಒಮ್ಮೆ ಶುರುಮಾಡಿದರು. “ನಾವೂ ಹೆಂಗಸ್ರೇ ಕಣೇ. ಹಿತ್ತಲ ಜಗಲೀಲಿ ಕೂತು ಮೂರು ದಿನಾನೂ ಚೌಕಾಬಾರ ಆಡ್ತಿದ್ವಿ. ನೋವು ಅಂತ ಒಬ್ಬಳಾದ್ರೂ ಬಾಯಿ ಬಿಟ್ಟಿದ್ವಾ?”

“ಬಿಟ್ಟಿದ್ರೆ ಯಾರು ಕೇಳ್ತಿದ್ರು ದೊಡ್ಡಮ್ಮ?” ಎಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ಓರಗಿತ್ತಿ ಒಬ್ಬಳು ಗೋಡೆಗೆ ತಲೆ ಚಚ್ಕೋತಿದ್ಲು. ಗ್ರಹಚಾರ ಅಂತ ಯಂತ್ರ ಕಟ್ಟಿಸಿದ್ರು” ಎಂದರು. ಬೇಸರ ವಿಪರೀತಕ್ಕೆ ಹೋಗಿ, ಬದುಕೇ ಬೇಡ ಎನಿಸುವಷ್ಟಾದರೆ ಅದನ್ನು ಈಗ ಪಿಎಂಡಿಡಿ ಎನ್ನುತ್ತಾರೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತನ್ನ ಕೈಪಿಡಿಯಲ್ಲಿ ಅದನ್ನು ಕಾಯಿಲೆಯೆಂದೇ ಸೇರಿಸಿತು. ಅದಕ್ಕೆ ಮಾತ್ರೆ ಇದೆ, ಕೆಲಸವನ್ನೂ ಮಾಡುತ್ತದೆ. ಆ ಓರಗಿತ್ತಿಯ ಪಾಲಿಗೆ ಬಂದದ್ದು ಯಂತ್ರ.

ಹೊರಗೆ ಕೂರುವುದರಲ್ಲಿ ರೆಸ್ಟಾದರೂ ಸಿಗುತ್ತಿತ್ತು, ಹಿಂದಿನವರು ಬುದ್ಧಿವಂತರು ಎನ್ನುವವರಿದ್ದಾರೆ. ಬೇರೆ ಚಾಪೆ, ಬೇರೆ ತಟ್ಟೆ, ದೂರದಿಂದ ಹಾಕುವ ಅನ್ನ, ನಾಲ್ಕನೇ ಬೆಳಗ್ಗೆ ತಣ್ಣೀರಲ್ಲಿ ಕಂಬಳಿ ಒಗೆತ. ಬೇಡ ಎಂದರೆ ಎದ್ದು ಒಳಗೆ ಬರಲಾಗದ ರೆಸ್ಟನ್ನು ರೆಸ್ಟೆನ್ನಲು ನನಗೆ ನಾಲಿಗೆ ಏಳುವುದಿಲ್ಲ. ತುಮಕೂರು, ಚಿತ್ರದುರ್ಗದ ಕಡೆ ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರೂ ಬಾಣಂತಿಯರೂ ಊರಾಚೆ ಗುಡಿಸಲಲ್ಲಿರುವ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ. 2023ರ ಮಳೆಗಾಲದಲ್ಲಿ ಹಾಗಿದ್ದ ಬಾಣಂತಿಯೊಬ್ಬಳ ಹಸುಗೂಸು ತೀರಿಕೊಂಡಿತು.

ಪಟ್ಟಣದ ನಮ್ಮದು ಬೇರೆ ಕಥೆ. ಇಲ್ಲಿ ಹಿತ್ತಲೂ ಇಲ್ಲ, ಜಗಲಿಯೂ ಇಲ್ಲ, ಮೆಡಿಕಲ್ ಶಾಪಿದೆ. ಶ್ರಾವಣ ಹತ್ತಿರ ಬಂತೆಂದರೆ ಚುಕ್ಕೆಯಿಂದ ಚುಕ್ಕೆಗೆ ಎಣಿಸುವ ಕೆಲಸ ಶುರು. ವರಮಹಾಲಕ್ಷ್ಮಿ ವ್ರತ ಯಾವ ಶುಕ್ರವಾರ, ನನ್ನದು ಯಾವ ವಾರ, ಆಮೇಲೆ ನಾದಿನಿ ಮನೆ ಗೃಹಪ್ರವೇಶ, ಅದರ ಹಿಂದೆಯೇ ತಿರುಪತಿ. ದೇವರಿಗೆ ಡೇಟು ಬದಲಿಸಲಾಗದ ಕಾರಣ ನಾವೇ ಬದಲಿಸಿಕೊಳ್ಳುತ್ತೇವೆ.

“ಅಣ್ಣಾ, ಆ ಮಾತ್ರೆ...”

“ಎಷ್ಟು ದಿನಕ್ಕೆ ಅಕ್ಕಾ?” ಹುಡುಗ ತಲೆ ಎತ್ತುವುದೂ ಇಲ್ಲ. ಪ್ಯಾಡ್ ಕೇಳಿದರೆ ಪೇಪರು ಸುತ್ತಿ, ಅದರ ಮೇಲೆ ಕಪ್ಪು ಕವರು ಹಾಕಿ, ಕಳ್ಳಮಾಲಿನಂತೆ ದಾಟಿಸುವವನೂ ಇವನೇ. ನಮ್ಮ ಬೀದಿಯಲ್ಲಿ ಕಪ್ಪು ಕವರಿನಲ್ಲಿ ಹೋಗುವುದು ಎರಡೇ ಸಾಮಾನು, ಇನ್ನೊಂದು ಬಾರಿನಿಂದ ಬರುವಂಥದ್ದು. ಹಾಗಾಗಿ ಮುಚ್ಚಿಟ್ಟದ್ದು ಏನೆಂದು ಇಡೀ ಬೀದಿಗೆ ಗೊತ್ತು. ಹಬ್ಬದ ಮಾತ್ರೆಗೆ ಮಾತ್ರ ಕವರೂ ಇಲ್ಲ, ಹೆಚ್ಚಿನ ಸಲ ಡಾಕ್ಟರ ಚೀಟಿಯೂ ಇಲ್ಲ. ಅದರ ಹೆಸರು ನಾರೆಥಿಸ್ಟರಾನ್, ಪ್ರೊಜೆಸ್ಟರಾನಿನ ಬಂಧು. ಮಾಮೂಲು ತಾರೀಖಿಗೆ ಮೂರು ದಿನ ಮುಂಚೆ ಶುರುಮಾಡಿದರೆ ದೇಹಕ್ಕೆ ಹಾರ್ಮೋನು ಇಳಿದದ್ದೇ ಗೊತ್ತಾಗುವುದಿಲ್ಲ. ನಿಲ್ಲಿಸಿದ ಎರಡು ಮೂರು ದಿನಕ್ಕೆ ಬರಬೇಕಾದದ್ದು ಬರುತ್ತದೆ. ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರು ತೆಗೆದುಕೊಳ್ಳಬಾರದು. ಆ ಹುಡುಗ ಅದನ್ನು ಕೇಳುವುದಿಲ್ಲ, ಸರದಿಯಲ್ಲಿ ನಿಂತವರ ಮುಂದೆ ನಾವೂ ಹೇಳುವುದಿಲ್ಲ. ಕಳಶದ ಮುಂದೆ ಮೈಯೆಲ್ಲ ಊದಿಕೊಂಡು, ಎದೆ ಕಲ್ಲಾಗಿ, ಕಾರಣವಿಲ್ಲದೆ ಕಣ್ಣು ತುಂಬಿಕೊಂಡು ಬಾಗಿನ ಕೊಡುತ್ತಿದ್ದರೆ, ಬಂದವರು ‘ಎಷ್ಟು ಭಕ್ತಿ ನೋಡಿ’ ಎನ್ನುತ್ತಾರೆ.

ಧಾರವಾಡದ ಗೆಳತಿಗೆ ಇದನ್ನು ಹೇಳಿದರೆ ನಕ್ಕುಬಿಟ್ಟಳು. “ನಿಮ್ಮ ದೇವರು ಅಷ್ಟ ದೂರ ಇರೋದಕ್ಕ ಈ ತಾಪತ್ರಯ. ನಮ್ಮ ಲಿಂಗ ಕೊರಳಾಗ ಐತಿ, ತಗದಿಡಾಕ ಬರಂಗಿಲ್ಲ.” ಹನ್ನೆರಡನೇ ಶತಮಾನದ ಶರಣರು ತಳ್ಳಿಹಾಕಿದ ಐದು ಸೂತಕಗಳಲ್ಲಿ ರಜಸ್ಸೂತಕವೂ ಒಂದು. ಹಾಗಂತ ಅವಳ ಅತ್ತೆ ಸುಮ್ಮನಿದ್ದಾರೆಯೇ? “ಉಪ್ಪಿನಕಾಯಿ ಭರಣಿ ಮಾತ್ರ ಮುಟ್ಟಬ್ಯಾಡವಾ ಅಂತಾರ” ಎಂದಳು. ಶರಣರು ಉಪ್ಪಿನಕಾಯಿಯ ತನಕ ಬಂದಿರಲಿಲ್ಲವೋ ಏನೋ.

ತುಳುನಾಡಿನವರು ಇನ್ನೂ ಸ್ವಾರಸ್ಯ. ಅವರಲ್ಲಿ ಭೂಮಿತಾಯಿಯೇ ಮುಟ್ಟಾಗುತ್ತಾಳೆ. ಪುಯಿಂತೆಲ್ ತಿಂಗಳ ಕೊನೆಗೆ, ಅಂದರೆ ಫೆಬ್ರುವರಿ ಎರಡನೇ ವಾರದ ಆಸುಪಾಸು, ಕೆಡ್ಡಸ ಎಂದು ಮೂರು ದಿನ ಆಚರಿಸುತ್ತಾರೆ. ನೇಗಿಲು ಇಳಿಸುವಂತಿಲ್ಲ, ಅಗೆಯುವಂತಿಲ್ಲ, ಹಸಿ ಗಿಡ ಕಡಿಯುವಂತಿಲ್ಲ. ಹುರಿದ ಅಕ್ಕಿಯ ಪುಡಿಗೆ ಬೆಲ್ಲ, ಕಾಯಿ ಸೇರಿಸಿ ತಿನ್ನುತ್ತಾರೆ. ಕಡೆಯ ದಿನ ಹೆಂಗಸರು ಅಂಗಳದಲ್ಲಿ ತುಳಸಿಯ ಮುಂದೆ ನೆಲಕ್ಕೆ ಎಣ್ಣೆ ಬಿಟ್ಟು ಅವಳಿಗೆ ಮೀಯಲು ಅಣಿಮಾಡುತ್ತಾರೆ. ಕೇಳಲು ಎಷ್ಟು ಚಂದ! ಭೂಮಿತಾಯಿಯನ್ನು ಯಾರೂ ಡಾಕ್ಟರ ಸರ್ಟಿಫಿಕೇಟು ಕೇಳಿದ್ದಿಲ್ಲ, ಪಕ್ಕದ ಗದ್ದೆಗೆ ಏನೂ ಆಗಿಲ್ಲವಲ್ಲ ಎಂದೂ ಅಂದಿದ್ದಿಲ್ಲ. ಆದರೆ ಆ ಹುರಿದ ಅಕ್ಕಿಯನ್ನು ಹುರಿದವರು ಯಾರು ಎಂದು ಮಾತ್ರ ಕೇಳಬೇಡಿ.

ಭೂಮಿಗೆ ವರ್ಷಕ್ಕೆ ಮೂರಾದರೆ ನಮಗೆ ಈಗ ಹನ್ನೆರಡು. 2025ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟ ಸರ್ಕಾರಿ, ಖಾಸಗಿ ಎರಡೂ ಕಡೆಯ ಕೆಲಸದ ಹೆಂಗಸರಿಗೆ ತಿಂಗಳಿಗೊಂದು ದಿನ ಸಂಬಳಸಹಿತ ಮುಟ್ಟಿನ ರಜೆಗೆ ಒಪ್ಪಿತು. ಮಾಲೀಕರ ಕಡೆಯವರು ಹೈಕೋರ್ಟಿಗೂ ಹೋದರು. ಬಿಹಾರದ ಸರ್ಕಾರಿ ನೌಕರಿಯಲ್ಲಿ 1992ರಿಂದಲೇ ತಿಂಗಳಿಗೆ ಎರಡು ದಿನ ಕೊಡುತ್ತಾರೆ. ಜಪಾನಿನಲ್ಲಿ 1947ರಿಂದ ಕಾನೂನಿದೆ, ಆದರೆ ಈಚೆಗೆ ಅಲ್ಲಿ ಆ ರಜೆ ಹಾಕುವವರು ನೂರಕ್ಕೊಬ್ಬರೂ ಇಲ್ಲ. ಮೇಲಧಿಕಾರಿಯ ಮುಂದೆ ನಿಂತು ಕೇಳುವ ಸಂಕೋಚ, ಕೆಲಸದ ಒತ್ತಡ. ನಮ್ಮ ಪೀಣ್ಯದ ಗಾರ್ಮೆಂಟ್ಸಿನಲ್ಲಿ ಗಂಟೆಗಿಷ್ಟು ಪೀಸು ಎಂಬ ಟಾರ್ಗೆಟ್ಟಿನ ಕೆಳಗೆ ಹೊಲಿಯುವವಳು ಲೈನ್ ಸೂಪರ್‌ವೈಸರನ್ನು ಹೇಗೆ ಕೇಳುತ್ತಾಳೋ, ಹಾಜರಿ ಬೋನಸ್ಸಿಗೆ ಕೈ ಬೀಳದೆ ಇರುತ್ತದೋ, ನೋಡಬೇಕು. ‘ಹೀಗಾದರೆ ಹೆಂಗಸರನ್ನು ಕೆಲಸಕ್ಕೇ ತಗೊಳ್ಳಲ್ಲ’ ಎಂಬ ಭಯವನ್ನು ನಾನು ತಳ್ಳಿಹಾಕುವವಳಲ್ಲ. ಆದರೂ ರಜೆ ಇರಲಿ. ಬೇಕಾದವಳು ಹಾಕಲಿ, ಬೇಡದವಳು ಬಿಡಲಿ, ಬೇಡದವಳು ಬೇಕಾದವಳಿಗೆ ಬುದ್ಧಿ ಹೇಳದಿದ್ದರೆ ಸಾಕು.

ಬ್ಯಾಂಕಿನಲ್ಲಿರುವ ನನ್ನ ಗೆಳತಿ ಮೊನ್ನೆ ಧೈರ್ಯ ಮಾಡಿ ಒಂದು ದಿನ ರಜೆ ಹಾಕಿದಳು. ಮಾತ್ರೆ ನುಂಗಿ, ಪರದೆ ಎಳೆದು ಮಲಗಿದ್ದಾಳೆ. ಹತ್ತು ಗಂಟೆಗೆ ಗಂಡನ ಮೆಸೇಜು. ಪಾಪ, ಒಳ್ಳೆಯ ಮನುಷ್ಯ. “ರೆಸ್ಟ್ ತಗೋ. ಹೇಗೂ ಮನೇಲೇ ಇದ್ದೀಯಲ್ಲ, ನೀರಿನ ಫಿಲ್ಟರ್ ರಿಪೇರಿಯವನಿಗೆ ಇವತ್ತೇ ಬಾ ಅಂದಿದೀನಿ.”