ಜೇನುಮೇಣದ ಚಿತ್ರ



ಕೆಲವು ವರ್ಷಗಳ ಹಿಂದೆ, ಹೆಗ್ಗಡದೇವನಕೋಟೆಯ ಕಡೆಯ ಬಾಲಿಕೆಯೊಬ್ಬಳು ರಜೆ ತೀರಿಸಿಕೊಂಡು ಬರುವಾಗ ನನಗೆ ಒಂದು ಉಂಡೆ ಜೇನುಮೇಣವನ್ನು ತಂದುಕೊಟ್ಟಳು. ಅದು ಜೇನುಕುರುಬರಿಂದ ಆಕೆಯ ತಂದೆಯು ಕೊಂಡದ್ದು. ಆಕೆಯು ಪರೀಕ್ಷೆಯಲ್ಲಿ ಎರಡು ವಿಷಯಗಳಲ್ಲಿ ತೇರ್ಗಡೆಯಾಗಿರಲಿಲ್ಲ. ಶಾಲೆ ಬಿಡಿಸುವುದೇ ಲೇಸೆಂದು ಆ ತಂದೆಗೆ ನಾನು ಬರೆದ ಕಾಗದವು ಆಗ ನನ್ನ ಮೇಜಿನ ಮೇಲೆಯೇ ಇದ್ದಿತು.

ಮೇಣವನ್ನು ಕಂಡೊಡನೆ, ತರಬೇತಿಯ ಕಾಲದಲ್ಲಿ ನಾನು ಓದಿದ್ದ ಪ್ರಾಚೀನ ಕಲೆಯೊಂದು ನೆನಪಿಗೆ ಬಂತು. ಕರಗಿದ ಮೇಣದಲ್ಲಿ ಬಣ್ಣದ ಪುಡಿಯನ್ನು ಬೆರೆಸಿ, ಬಿಸಿಯಿರುವಾಗಲೇ ಹಲಗೆಗೆ ಬಳಿದು, ಮತ್ತೆ ಶಾಖಕೊಟ್ಟು ಒಂದುಗೂಡಿಸುವುದು ಅದರ ಕ್ರಮ. ಗ್ರೀಕರು ಅದಕ್ಕೆ 'ಸುಟ್ಟು ಸೇರಿಸಿದ್ದು' ಎಂಬರ್ಥದ ಹೆಸರಿಟ್ಟರು. ಐಗುಪ್ತದ ಫಯೂಮ್ ಪ್ರಾಂತ್ಯದಲ್ಲಿ ಕ್ರಿ.ಶ. 1ರಿಂದ 3ನೆಯ ಶತಮಾನದವರೆಗೆ ಹೀಗೆ ಬರೆದ ಮುಖಚಿತ್ರಗಳು ಇಂದಿಗೂ ಕಳೆಗುಂದದೆ ಉಳಿದಿವೆ. ರೋಮಿನ ಗ್ರಂಥಕಾರನಾದ ಪ್ಲಿನಿಯು ಸಿಜಿಕಸ್ ಪಟ್ಟಣದ ಇಯಾಯಾ ಎಂಬ ಚಿತ್ರಗಾರ್ತಿಯನ್ನು ಹೊಗಳಿದ್ದಾನೆ. ಆಕೆಯು ಕುಂಚದಿಂದಲೂ, ದಂತದ ಮೇಲೆ ಲೋಹದ ಮೊನೆಯಿಂದಲೂ ಹೆಚ್ಚಾಗಿ ಸ್ತ್ರೀಯರ ರೂಪಗಳನ್ನೇ ಬರೆದಳಂತೆ. ಕನ್ನಡಿ ನೋಡಿಕೊಂಡು ತನ್ನ ರೂಪವನ್ನೂ ಬರೆದಳಂತೆ. ಆಕೆಗಿಂತ ಚುರುಕಾದ ಕೈ ಮತ್ತಾರಿಗೂ ಇರಲಿಲ್ಲವಂತೆ.

ಚುರುಕು ಏಕೆ ಬೇಕೆಂಬುದು ಮುಂದಿನ ಶನಿವಾರ ನನಗೆ ತಿಳಿಯಿತು. ಅಗ್ಗಿಷ್ಟಿಕೆಯ ಮೇಲೆ ನೀರಿನ ಪಾತ್ರೆಯನ್ನಿಟ್ಟು, ಅದರೊಳಗಿನ ಬಟ್ಟಲಿನಲ್ಲಿ ಮೇಣವನ್ನು ಕರಗಿಸಿದೆವು. ಸುಮಾರು 63 ಡಿಗ್ರಿ ಸೆಂಟಿಗ್ರೇಡಿನಲ್ಲಿ ಅದು ನೀರಾಗುತ್ತದೆ. ಕೆಮ್ಮಣ್ಣನ್ನೂ ಕಾಡಿಗೆಯನ್ನೂ ಬೆರೆಸಿ ಕುಂಚವನ್ನೆತ್ತಿದೆನು. ಹಲಗೆಯನ್ನು ಮುಟ್ಟುವ ಮೊದಲೇ ಮೇಣವು ಹೆಪ್ಪುಗಟ್ಟಿತು. ಹಲಗೆಯನ್ನು ಕಾಯಿಸಿದರೆ ಬಣ್ಣವೆಲ್ಲ ಹರಿದುಹೋಯಿತು. ಮೂರು ಹಲಗೆಗಳು ಕೆಟ್ಟವು. "ಇದು ನಮ್ಮಿಂದಾಗದು" ಎಂದು ನಾನು ಎದ್ದೆನು.

ಆ ಬಾಲಿಕೆಯು ಮಾತ್ರ ಏಳಲಿಲ್ಲ. ಕಬ್ಬಿಣದ ಸೌಟನ್ನು ಕಾಯಿಸಿ, ಅದರ ಬೆನ್ನನ್ನು ಕೆಟ್ಟ ಹಲಗೆಯ ಸಮೀಪದಲ್ಲಿ ಮೆಲ್ಲನೆ ಆಡಿಸಿದಳು. ಬಿರುಸಾದ ಗೆರೆಗಳು ಕರಗಿ ಒಂದಕ್ಕೊಂದು ಸೇರಿದವು. ಅವುಗಳ ಮೇಲೆ ಹೊಸದಾಗಿ ಬಳಿದು, ಸಂಜೆಯ ಹೊತ್ತಿಗೆ ತನ್ನ ಅಜ್ಜಿಯ ಮುಖವನ್ನು ಬರೆದು ಮುಗಿಸಿದಳು.

"ಕೆಟ್ಟದ್ದನ್ನು ಕೆರೆದುಹಾಕಲಿಲ್ಲವೇಕೆ?" ಎಂದು ಕೇಳಿದೆನು.

"ಇನ್ನೊಂದು ಸಲ ಕಾಯಿಸಿದರೆ ಸಾಕಲ್ಲವೇ, ಅಮ್ಮನವರೇ?" ಎಂದಳು.

ಆ ರಾತ್ರಿ ಕಾಗದವನ್ನು ಹರಿದು, ಮಗಳನ್ನು ಇನ್ನೊಂದು ವರ್ಷ ನಮ್ಮಲ್ಲಿಯೇ ಬಿಡಬೇಕೆಂದು ತಂದೆಗೆ ಬೇರೆಯದನ್ನು ಬರೆದೆನು. ಮರುವರ್ಷ ಆಕೆಯು ತೇರ್ಗಡೆಯಾದಳು. ಅಜ್ಜಿಯ ಚಿತ್ರವು ನನ್ನ ಮೇಜಿನ ಎದುರಿನ ಗೋಡೆಯ ಮೇಲಿದೆ. ಮೂಗು ಕೊಂಚ ಸೊಟ್ಟ. ಅನುತ್ತೀರ್ಣರ ಪಟ್ಟಿಗೆ ರುಜು ಹಾಕುವಾಗಲೆಲ್ಲ ನಾನು ಮೊದಲು ಅದನ್ನು ನೋಡುತ್ತೇನೆ.