ಕೇಳಿದ ಶಾಂತಿನಿಕೇತನ, ಕಂಡ ಶಾಂತಿನಿಕೇತನ

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆ ಬೆಟ್ಟಗಳಿಗಿಂತ ವಿದ್ಯಾಸಂಸ್ಥೆಗಳಿಗೇ ಹೆಚ್ಚು ಒಪ್ಪುತ್ತದೆ. ಬೆಟ್ಟ ಹತ್ತಿ ಬಂದವರು ಕಲ್ಲುಮುಳ್ಳಿನ ಸುದ್ದಿಯನ್ನು ಊರಿಗೆಲ್ಲ ಹೇಳುತ್ತಾರೆ. ಹೆಸರಾದ ವಿಶ್ವವಿದ್ಯಾನಿಲಯದಲ್ಲಿ ಓದಿ ಬಂದವರು ಹಾಗೆ ಹೇಳುವುದಿಲ್ಲ. ಅದರ ಕೀರ್ತಿಯಲ್ಲಿ ಒಂದು ಪಾಲು ಅವರ ಹೆಸರಿಗೂ ಅಂಟಿಕೊಂಡಿರುತ್ತದೆಯಲ್ಲ! ಆದ್ದರಿಂದ ಅಲ್ಲಿ ಓದದೆ ಇದ್ದವರೇ ಒಮ್ಮೆ ಹೋಗಿ ನೋಡಿ ಬರುವುದು ಮೇಲು.

ನಮಗೆ ಇಂಥ ಒಂದು ಸಂದರ್ಭ ಒದಗಿತು. ಪರಿಚಿತ ಕನ್ನಡ ಕುಟುಂಬವೊಂದರ ಹುಡುಗಿ, ಚಿತ್ರಕಲೆ ಕಲಿತರೆ ಶಾಂತಿನಿಕೇತನದಲ್ಲೇ ಕಲಿಯುವೆನೆಂದು ಹಟ ಹಿಡಿದಿದ್ದಳು. ತಾಯಿಗೆ ಹೆಮ್ಮೆ, ತಂದೆಗೆ ಚಿಂತೆ. "ರಾಯರೇ, ರವೀಂದ್ರರ ಹೆಸರು ದೊಡ್ಡದು, ಒಪ್ಪಿದೆ. ಆದರೆ ಅವರು 1941ರಲ್ಲೇ ತೀರಿಕೊಂಡರು. ಈಗ ಅಲ್ಲಿ ಪಾಠ ಹೇಳುವವರು ಅವರಲ್ಲವಲ್ಲ?" ಎಂಬುದು ಅವರ ಪ್ರಶ್ನೆ. ನಾವು ದಂಪತಿಗಳು ಹೇಗೂ ಕಲ್ಕತ್ತೆಗೆ ಹೊರಟಿದ್ದೆವು. ಆ ಪ್ರಶ್ನೆಯನ್ನೂ ಜೋಳಿಗೆಗೆ ಹಾಕಿಕೊಂಡು ಹೋದೆವು.

ಹೌರಾದಲ್ಲಿ ರೈಲು ಹತ್ತಿದರೆ ಎರಡೂವರೆ ಮೂರು ಗಂಟೆಗಳಲ್ಲಿ ಬೋಲಪುರ. ಗಂಗೆಯ ಬಯಲಿನ ಹಸುರು ಗದ್ದೆಗಳು ಹಿಂದೆ ಸರಿದಂತೆ ಮಣ್ಣು ನಿಧಾನವಾಗಿ ಕೆಂಪಾಗುತ್ತದೆ. ಬೀರಭೂಮ್ ಜಿಲ್ಲೆಯ ಈ ನೆಲ ನಮ್ಮ ಕರಾವಳಿಯ ಮುರಕಲ್ಲಿನ ಗುಡ್ಡಗಳನ್ನು ನೆನಪಿಗೆ ತರುತ್ತದೆ. ಮಳೆಯ ನೀರು ಕೊರೆದು ಮಾಡಿದ ಕೆಂಪು ಕೊರಕಲುಗಳಿಗೆ ಅಲ್ಲಿಯವರು 'ಖೋವಾಯಿ' ಎನ್ನುತ್ತಾರೆ. ಬೋಲಪುರದ ಪೇಟೆಬೀದಿಯ ಗದ್ದಲವನ್ನು ದಾಟಿ, ಬ್ಯಾಟರಿ ರಿಕ್ಷಾದಲ್ಲಿ ಸ್ವಲ್ಪ ದೂರ ಕುಲುಕಿಸಿಕೊಂಡು ಹೋದರೆ ಮರಗಳ ನೆರಳು ಶುರುವಾಗುತ್ತದೆ.

ಇಲ್ಲಿ ಮೊದಲು ಇದ್ದದ್ದು ಆ ಮರಗಳೂ ಅಲ್ಲ. ಬರಿಯ ಬಯಲು, ನಡುವೆ ಒಂದೆರಡು ಛಾತಿಮ್ ಮರಗಳು. ಅವುಗಳ ಕೆಳಗೆ ಕುಳಿತು ಮನಸ್ಸಿಗೆ ನೆಮ್ಮದಿ ಕಂಡ ಮಹರ್ಷಿ ದೇವೇಂದ್ರನಾಥ ಠಾಕೂರರು 1863ರಲ್ಲಿ ಇಪ್ಪತ್ತು ಬಿಘಾ ನೆಲವನ್ನು ಪಡೆದು ಧ್ಯಾನಕ್ಕೊಂದು ಮನೆ ಕಟ್ಟಿಸಿದರು. ಛಾತಿಮ್ ಎಂದರೆ ಬೇರೇನೂ ಅಲ್ಲ, ನಮ್ಮ ಹಾಲೆ ಮರ, ಸಪ್ತಪರ್ಣಿ. ದಕ್ಷಿಣ ಕನ್ನಡದ ಓದುಗರು ಆಟಿ ಅಮಾವಾಸ್ಯೆಯ ಬೆಳಿಗ್ಗೆ ಮುಖ ಕಿವುಚಿಕೊಂಡು ಕುಡಿಯುವ ಕಷಾಯ ಇದೇ ಮರದ ತೊಗಟೆಯದು. ಹಿಂದೆ ಇದರ ಹಲಗೆಯನ್ನು ಮಕ್ಕಳು ಬರೆಯಲು ಬಳಸುತ್ತಿದ್ದರಂತೆ. ಸಸ್ಯಶಾಸ್ತ್ರಜ್ಞರು ಇದಕ್ಕಿಟ್ಟ ಲ್ಯಾಟಿನ್ ಹೆಸರಿನಲ್ಲೂ ವಿದ್ಯಾರ್ಥಿಯ ಸೂಚನೆ ಇದೆ. ವಿದ್ಯಾಲಯಕ್ಕೆ ಇದಕ್ಕಿಂತ ಒಳ್ಳೆಯ ಮರ ಸಿಗಲಾರದು. ಇಂದಿಗೂ ಘಟಿಕೋತ್ಸವದಲ್ಲಿ ಪದವೀಧರರಿಗೆ ಈ ಮರದ ಎಲೆಗೊಂಚಲನ್ನು ಕೊಡುವುದು ಅಲ್ಲಿಯ ಸಂಪ್ರದಾಯ.

ಠಾಕೂರ್ ಮನೆತನ ನಮಗೂ ತೀರ ಹೊರಗಿನದಲ್ಲ. ಮಹರ್ಷಿಗಳ ಮಗ ಸತ್ಯೇಂದ್ರನಾಥರು ನಮ್ಮ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದರು. ಅಣ್ಣನ ಮನೆಗೆ ಬಂದ ತರುಣ ರವೀಂದ್ರರು ಆ ಕಡಲತೀರದಲ್ಲೇ 'ಪ್ರಕೃತಿರ್ ಪ್ರತಿಶೋಧ' ನಾಟಕವನ್ನು ಬರೆದರು. ಇದೇ ತಮ್ಮ ಮುಂದೆ, 1901ರ ಡಿಸೆಂಬರಿನಲ್ಲಿ, ತಂದೆಯ ಆಶ್ರಮದ ಮಾವಿನ ತೋಪಿನಲ್ಲಿ ಐವರು ಹುಡುಗರನ್ನು ಕೂಡಿಸಿಕೊಂಡು ಶಾಲೆ ತೆರೆದರು. ಐವರಲ್ಲಿ ಒಬ್ಬ ಸ್ವಂತ ಮಗ ರಥೀಂದ್ರ. ಶಾಲೆಯ ಖರ್ಚಿಗೆ ಪತ್ನಿ ಮೃಣಾಲಿನೀ ದೇವಿಯವರ ಒಡವೆಗಳು ಹೋದವು, ಪುರಿಯ ಮನೆ ಹೋಯಿತು. 1913ರ ನೊಬೆಲ್ ಬಹುಮಾನದ ಹಣವನ್ನೂ ಶಾಲೆಗೆ ಆದಾಯ ಬರಲೆಂದು ಕೃಷಿ ಬ್ಯಾಂಕಿನಲ್ಲಿಟ್ಟರು.

ಆ ಶಾಲೆ 1921ರ ಡಿಸೆಂಬರಿನಲ್ಲಿ ವಿಶ್ವಭಾರತಿಯಾಯಿತು. ಆ ದಿನದ ಸಭೆಗೆ ಅಧ್ಯಕ್ಷರಾಗಿದ್ದವರು ಬ್ರಜೇಂದ್ರನಾಥ ಶೀಲರು. 1920ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದ ಶೀಲರೇ ಅವರು. ಜಗತ್ತೆಲ್ಲ ಒಂದೇ ಗೂಡಾಗಿ ಸೇರುವ ತಾಣ ಎಂಬುದು ಸಂಸ್ಥೆಯ ಧ್ಯೇಯ. ಇಷ್ಟು ದೊಡ್ಡ ಮಾತನ್ನು ಬಾಗಿಲಿಗೆ ಕಟ್ಟಿಕೊಂಡ ಮನೆಯನ್ನು ಒಳಹೊಕ್ಕು ನೋಡುವವನು ಸ್ವಲ್ಪ ಕಟ್ಟುನಿಟ್ಟಾಗಿಯೇ ನೋಡಬೇಕು.

ಮೊದಲು ಕಣ್ಣು ಹುಡುಕುವುದು ಮರದ ಕೆಳಗಿನ ಪಾಠವನ್ನು. ಅದು ಇದೆ. ಪಾಠಭವನವೆಂಬ ಶಾಲೆಯ ಮಕ್ಕಳು ಇಂದಿಗೂ ಚಾಪೆಯ ತುಂಡನ್ನು ಕಂಕುಳಲ್ಲಿ ಇರುಕಿಕೊಂಡು ಮರದಿಂದ ಮರಕ್ಕೆ ಹೋಗುತ್ತಾರೆ. ತರಗತಿಯ ಹೊತ್ತಿನಲ್ಲಿ ಹೊರಗಿನವರು ಹತ್ತಿರ ಸುಳಿಯುವಂತಿಲ್ಲವಾದ್ದರಿಂದ ನಾವು ದೂರದಲ್ಲೇ ನಿಂತೆವು. ಮಕ್ಕಳು ಅರ್ಧಚಂದ್ರಾಕಾರವಾಗಿ ಕುಳಿತಿದ್ದರು. ಅಧ್ಯಾಪಕಿ ಮರದ ಸುತ್ತಲಿನ ಕಟ್ಟೆಯ ಮೇಲೆ. ಒಂದು ಅಳಿಲು ಓಡಿತು. ಮಕ್ಕಳೆಲ್ಲ ಅತ್ತ ತಿರುಗಿದರು, ಅಧ್ಯಾಪಕಿಯೂ ತಿರುಗಿದರು, ಅಳಿಲು ಹೋದಮೇಲೆ ಪಾಠ ಮುಂದುವರಿಯಿತು. ಅಧ್ಯಾಪಕರನ್ನು ಇಲ್ಲಿ ಸರ್, ಮೇಡಂ ಎನ್ನುವುದಕ್ಕಿಂತ ಹೆಸರಿಗೆ 'ದಾ', 'ದಿ' ಸೇರಿಸಿ, ನಮ್ಮ ಅಣ್ಣ ಅಕ್ಕ ಎಂಬಂತೆ ಕರೆಯುವುದು ಹಳೆಯ ರೂಢಿ. ಮುಂಬಯಿಯಲ್ಲಿ ಬೆನ್ನಿಗೆ ಮಣಭಾರದ ಚೀಲ ಹೊತ್ತು ಬಸ್ಸಿಗೆ ಓಡುವ ನಮ್ಮ ಮಕ್ಕಳನ್ನು ನೆನೆದು ನನ್ನಾಕೆ ನಿಟ್ಟುಸಿರು ಬಿಟ್ಟಳು.

ಆದರೆ ಮರದ ಕೆಳಗಿರುವುದು ಶಾಲೆ. ವಿಶ್ವವಿದ್ಯಾನಿಲಯದ ಬಹುಪಾಲು ವಿಭಾಗಗಳಿರುವುದು ಎಲ್ಲ ಕಡೆಯಂತೆ ಗೋಡೆ, ಬೆಂಚು, ಫ್ಯಾನುಗಳ ನಡುವೆ. ಪರೀಕ್ಷೆ, ಅಂಕ, ಹಾಜರಿ ಎಲ್ಲವೂ ಉಂಟು. ಇದನ್ನು ತಪ್ಪೆನ್ನಲಾಗದು, 1951ರಲ್ಲಿ ಸಂಸತ್ತಿನ ಕಾಯಿದೆಯ ಮೂಲಕ ಕೇಂದ್ರ ವಿಶ್ವವಿದ್ಯಾನಿಲಯವಾದ ಮೇಲೆ ಸರ್ಕಾರದ ಹಣದೊಡನೆ ಸರ್ಕಾರದ ಕಡತವೂ ಬಂತು. ಆಗ ತಪ್ಪಿದ್ದು ಇನ್ನೊಂದು ಕಷ್ಟ. ಕವಿಗಳು ಇಳಿವಯಸ್ಸಿನಲ್ಲೂ ನಾಟಕದ ಮೇಳ ಕಟ್ಟಿಕೊಂಡು ಊರೂರು ತಿರುಗಿ ಹಣ ಕೂಡಿಸುತ್ತಿದ್ದರು. 1936ರಲ್ಲಿ ದೆಹಲಿಯಲ್ಲಿ ಇದನ್ನು ಕಂಡು ನೊಂದ ಗಾಂಧೀಜಿ 60,000 ರೂಪಾಯಿ ಕೊಡಿಸಿ ಅವರನ್ನು ಮನೆಗೆ ಕಳಿಸಿದರು. 1940ರಲ್ಲಿ ಗಾಂಧೀಜಿ ಶಾಂತಿನಿಕೇತನಕ್ಕೆ ಬಂದಾಗ, ತಮ್ಮ ನಂತರ ಸಂಸ್ಥೆಯನ್ನು ಕಾಪಾಡಬೇಕೆಂದು ಕವಿಗಳು ಅವರ ಕೈಗೆ ಪತ್ರವಿತ್ತರು. ಅಂದರೆ, "ಕವಿ ಹೋದಮೇಲೆ ಏನು?" ಎಂಬ ಪ್ರಶ್ನೆಯನ್ನು ಮೊದಲು ಕೇಳಿಕೊಂಡವರು ಕವಿಗಳೇ.

ಕೀರ್ತಿ ಸುಳ್ಳಲ್ಲವೆಂದು ನಮಗೆ ಮನದಟ್ಟಾದದ್ದು ಕಲಾಭವನದ ಅಂಗಳದಲ್ಲಿ. ನಂದಲಾಲ ಬೋಸರು ಬೆಳೆಸಿದ ಶಾಲೆ ಇದು. ನಮ್ಮ ಮೈಸೂರಿನ ಕೆ. ವೆಂಕಟಪ್ಪನವರೂ ಅವರೂ ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರು. ಬಯಲಿನಲ್ಲಿ ರಾಮಕಿಂಕರ್ ಬೈಜರು 1938ರಲ್ಲಿ ಮಾಡಿದ 'ಸಂತಾಲ ಸಂಸಾರ' ನಿಂತಿದೆ. ಅಮೃತಶಿಲೆಯಲ್ಲ, ಕಂಚಲ್ಲ; ಸಿಮೆಂಟು ಮತ್ತು ಅದೇ ನೆಲದ ಕೆಂಪು ಹರಳುಗಲ್ಲು. ಅಡ್ಡೆಯ ಬುಟ್ಟಿಯಲ್ಲಿ ಕೂಸನ್ನು ಹೊತ್ತ ಗಂಡ, ಜೊತೆಗೆ ಹೆಂಡತಿ, ಕಾಲ ಬಳಿ ನಾಯಿ. ಹೊಟ್ಟೆಪಾಡಿಗೆ ಊರು ಬಿಟ್ಟು ಹೊರಟ ಸಂಸಾರ. ಮುಂಬಯಿಗೋ ಪುಣೆಗೋ ಪೆಟ್ಟಿಗೆ ಹಿಡಿದು ಬಂದಿಳಿದ ಮನೆತನದವರು ಅದರ ಮುಂದೆ ಸುಮ್ಮನೆ ನಿಲ್ಲುವುದು ಸಹಜ. ಅಲ್ಲೇ ಹತ್ತಿರ, ಗಿರಣಿಯ ಸಿಳ್ಳಿಗೆ ಓಡುವ ಹೆಂಗಸರ ವಿಗ್ರಹ, 1956ರದು. ಒಣಗಲೆಂದು ಹಿಡಿದ ಸೀರೆ ಗಾಳಿಗೆ ಹಾರುತ್ತಿದೆ. ಹಿಂದೀ ಭವನದ ಗೋಡೆಗಳ ಮೇಲೆ ಬಿನೋದ್ ಬಿಹಾರಿ ಮುಖರ್ಜಿಯವರು ಬರೆದ ಮಧ್ಯಯುಗದ ಸಂತರ ಸಾಲು. ಈ ಕಲಾವಿದರು ಮುಂದೆ ಕಣ್ಣು ಕಳೆದುಕೊಂಡರೂ ಕಲೆಯನ್ನು ಬಿಡಲಿಲ್ಲ.

ಬಿನೋದ್ ಬಿಹಾರಿಯವರ ಬಳಿ 1940ರಲ್ಲಿ ಒಬ್ಬ ಹುಡುಗ ಬಂದ. ಅವನಿಗೆ ಬರಲು ಮನಸ್ಸೇ ಇರಲಿಲ್ಲ, ತಾಯಿಯ ಒತ್ತಾಯಕ್ಕೆ ಬಂದವನು. 1942ರಲ್ಲಿ ಶಿಕ್ಷಣ ಪೂರೈಸದೆ ಹೊರಟೂ ಹೋದ. ಅವನ ಹೆಸರು ಸತ್ಯಜಿತ್ ರಾಯ್. ಭಾರತದ ಮತ್ತು ಪೂರ್ವದೇಶಗಳ ಕಲೆಗೆ ತಮ್ಮ ಕಣ್ಣು ತೆರೆದದ್ದು ಇಲ್ಲೇ ಎಂದು ಅವರು ಕೊನೆಯವರೆಗೂ ನೆನೆದರು. 1972ರಲ್ಲಿ ಗುರುವಿನ ಮೇಲೆ ಒಂದು ಸಾಕ್ಷ್ಯಚಿತ್ರವನ್ನೇ ತೆಗೆದರು. ಪದವಿಪತ್ರದ ಲೆಕ್ಕದಲ್ಲಿ ರಾಯ್ ಈ ಸಂಸ್ಥೆಗೆ ನಷ್ಟ. ವಿದ್ಯೆಯ ಲೆಕ್ಕದಲ್ಲಿ?

ಎರಡು ಮೈಲಿಯಾಚೆ ಸುರುಲ್ ಗ್ರಾಮದ ಬಳಿ ಶ್ರೀನಿಕೇತನ. 1922ರಲ್ಲಿ ಲಿಯೊನಾರ್ಡ್ ಎಲ್ಮ್‌ಹರ್ಸ್ಟ್ ಎಂಬ ಆಂಗ್ಲ ಕೃಷಿತಜ್ಞರ ನೆರವಿನಿಂದ ಹುಟ್ಟಿದ್ದು. ಮಲೇರಿಯಾ ನಿವಾರಣೆ, ಸಹಕಾರ ಸಂಘ, ನೇಯ್ಗೆ, ಚರ್ಮದ ಕೆಲಸ ಇವೆಲ್ಲ ವಿಶ್ವವಿದ್ಯಾನಿಲಯದ ಕೆಲಸವೆಂದು ಆ ಕಾಲದಲ್ಲೇ ಬಗೆದದ್ದು ಸಣ್ಣ ಮಾತಲ್ಲ. ನೋಡಬರುವವರು ಇಲ್ಲಿಗೆ ಹೆಚ್ಚಾಗಿ ಬರುವುದಿಲ್ಲ. ಬಂದರೆ ಚಿತ್ತಾರದ ಚರ್ಮದ ಚೀಲ ಕೊಂಡು ಹಿಂದಿರುಗುತ್ತಾರೆ. ನಾವೂ ಒಂದು ಕೊಂಡೆವು.

ಇನ್ನು ಹೊಗಳಿಕೆಯನ್ನು ನಿಲ್ಲಿಸಿ ಇನ್ನೊಂದು ಮಗ್ಗುಲನ್ನು ಹೇಳಬೇಕು. ಕೇಂದ್ರ ಸರ್ಕಾರದ ಶ್ರೇಯಾಂಕಪಟ್ಟಿಯಲ್ಲಿ 2016ರಲ್ಲಿ 11ನೆಯ ಸ್ಥಾನದಲ್ಲಿದ್ದ ಈ ವಿಶ್ವವಿದ್ಯಾನಿಲಯ 2022ರಲ್ಲಿ 98ಕ್ಕೆ ಇಳಿಯಿತು. ಪಟ್ಟಿಗಳು ಮರದ ನೆರಳನ್ನು ಅಳೆಯಲಾರವೆಂದು ಸಮಾಧಾನ ಹೇಳಿಕೊಳ್ಳಬಹುದು; ಆದರೆ ಆರು ವರ್ಷಗಳ ಹಿಂದೆಯೂ ನೆರಳು ಅಷ್ಟೇ ಇತ್ತಲ್ಲ! 2004ರ ಮಾರ್ಚಿನಲ್ಲಿ ರವೀಂದ್ರ ಭವನದ ವಸ್ತುಸಂಗ್ರಹಾಲಯದಿಂದ ನೊಬೆಲ್ ಪದಕವೇ ಕಳುವಾಯಿತು; ಆಮೇಲೆ ಬಂದದ್ದು ನೊಬೆಲ್ ಪ್ರತಿಷ್ಠಾನ ಮಾಡಿಸಿಕೊಟ್ಟ ಪ್ರತಿಕೃತಿ. 2020ರ ಆಗಸ್ಟಿನಲ್ಲಿ ಪೌಷ ಮೇಳದ ಬಯಲಿಗೆ ಗೋಡೆ ಕಟ್ಟಹೊರಟಾಗ ಜನ ನುಗ್ಗಿ ಕೆಡವಿದರು. ಗೋಡೆಯಿಲ್ಲದ ವಿದ್ಯೆಯನ್ನು ಕನಸಿದವರ ಊರಿನಲ್ಲಿ ಗೋಡೆಯ ಜಗಳ! 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊ ಶಾಂತಿನಿಕೇತನವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಸಂತೋಷಕ್ಕೆ ನೆಟ್ಟ ಫಲಕದಲ್ಲಿ ಅಧಿಕಾರಸ್ಥರ ಹೆಸರುಗಳಿದ್ದವು, ರವೀಂದ್ರರ ಹೆಸರಿರಲಿಲ್ಲ. ಪ್ರತಿಭಟನೆಯಾದ ಮೇಲೆ ಫಲಕ ಬದಲಾಯಿತು. ಸುತ್ತಲಿನ ಸೋನಾಝುರಿ ಮರಗಳ ನಡುವೆ ಹಳ್ಳಿಗರು ಶನಿವಾರಕ್ಕೊಮ್ಮೆ ನೆರೆಯುತ್ತಿದ್ದ ಸಂತೆ ಈಗ ಕಲ್ಕತ್ತೆಯ ರಜಾದಿನದ ಜನರಿಂದ ಗಿಜಿಗುಡುತ್ತದೆ. ಹತ್ತಿರವೆಲ್ಲ ವಿಶ್ರಾಂತಿಗೃಹಗಳು. ಬಾವುಲರ ಏಕತಾರಿಗಿಂತ ಕಾರಿನ ಹಾರನ್ ಜೋರು.

ಹಾಗಾದರೆ ತೀರ್ಪೇನು? ಕೀರ್ತಿಯೆಂಬುದು ಹಿರಿಯರು ಬಿಟ್ಟುಹೋದ ಆಸ್ತಿಯಂತೆ. ಬಡ್ಡಿ ತಿನ್ನುವವರೂ ಉಂಟು, ಉಳುವವರೂ ಉಂಟು. ಶಾಂತಿನಿಕೇತನದಲ್ಲಿ ಈಗ ಇಬ್ಬರೂ ಇದ್ದಾರೆ. ಮರದ ಕೆಳಗೆ ಅಳಿಲಿಗಾಗಿ ಪಾಠ ನಿಲ್ಲಿಸುವ ಅಧ್ಯಾಪಕಿ ಉಳುತ್ತಿದ್ದಾರೆ. ಕಲಾಭವನದಲ್ಲಿ ಕೈ ಮೈ ಮಣ್ಣು ಮಾಡಿಕೊಂಡು ವಿಗ್ರಹ ತಿದ್ದುತ್ತಿದ್ದ ಹುಡುಗ ಹುಡುಗಿಯರನ್ನು ಕಂಡೆವು, ಅವರೂ ಉಳುತ್ತಿದ್ದಾರೆ. ಫಲಕಕ್ಕೂ ಗೋಡೆಗೂ ಕಾದಾಡುವವರು ಬಡ್ಡಿಯ ಲೆಕ್ಕದವರು.

ಆದ್ದರಿಂದ ಮಕ್ಕಳನ್ನು ಕಳಿಸಬಯಸುವ ತಂದೆತಾಯಿಗಳಿಗೆ ನಮ್ಮ ಮಾತು ಇಷ್ಟು. ಚಿತ್ರ, ಶಿಲ್ಪ, ರವೀಂದ್ರ ಸಂಗೀತ ಇವುಗಳಲ್ಲಿ ಮಗುವಿಗೆ ನಿಜವಾದ ಒಲವಿದ್ದರೆ ಸಂಕೋಚವಿಲ್ಲದೆ ಕಳಿಸಿ. ಅಂಥ ಕಣ್ಣನ್ನೂ ಕಿವಿಯನ್ನೂ ಕೊಡುವ ಸ್ಥಳಗಳು ದೇಶದಲ್ಲಿ ಹೆಚ್ಚಿಲ್ಲ. ಬೇರೆ ವಿಷಯಗಳಿಗಾದರೆ ಬಾಗಿಲ ಮೇಲಿನ ಹೆಸರನ್ನು ಬಿಟ್ಟು, ಆ ವಿಭಾಗದಲ್ಲಿ ಇಂದು ಯಾರು ಕಲಿಸುತ್ತಾರೆ, ಅಲ್ಲಿ ಓದುತ್ತಿರುವ ಮಕ್ಕಳು ಏನೆನ್ನುತ್ತಾರೆ ಎಂದು ವಿಚಾರಿಸಿ. ಈ ಬುದ್ಧಿವಾದ ಆಕ್ಸ್‌ಫರ್ಡಿಗೂ ಸಲ್ಲುತ್ತದೆ, ನಮ್ಮ ಧಾರವಾಡಕ್ಕೂ ಸಲ್ಲುತ್ತದೆ.

ನೋಡಲು ಹೋಗುವವರು ಚಳಿಗಾಲದಲ್ಲಿ ಹೋಗಲಿ. ಬೇಸಿಗೆಯ ಬಿಸಿಲು ಅಲ್ಲಿ ಬಲು ಕಠಿಣ. ಒಳಗಿನ ಪ್ರವೇಶದ ನಿಯಮಗಳು ಆಗಾಗ ಬದಲಾಗುವುದರಿಂದ ಮುಂಚೆಯೇ ತಿಳಿದುಕೊಳ್ಳುವುದು ಒಳ್ಳೆಯದು. ಉತ್ತರಾಯಣದ ಐದು ಮನೆಗಳಲ್ಲಿ 'ಶ್ಯಾಮಲಿ'ಯನ್ನು ಮರೆಯದೆ ನೋಡಬೇಕು. 1935ರಲ್ಲಿ ಮಣ್ಣಿನಿಂದಲೇ ಕಟ್ಟಿಸಿದ ಪುಟ್ಟ ಮನೆ. ಬಡವರೂ ಕಟ್ಟಿಕೊಳ್ಳಬಹುದಾದ ಮನೆ ಎಂಥದೆಂದು ಕವಿಗಳು ಮಾಡಿದ ಪ್ರಯೋಗ. ಗಾಂಧೀಜಿ ಮತ್ತು ಕಸ್ತೂರಬಾ ಇಳಿದುಕೊಂಡದ್ದೂ ಅಲ್ಲೇ. ಮಣ್ಣಿನ ಮನೆಗೆ ಮಳೆ ಕಳೆದಾಗಲೆಲ್ಲ ಆರೈಕೆ ಬೇಕು, ಬಿಟ್ಟರೆ ಕರಗುತ್ತದೆ. ದೊಡ್ಡ ಹೆಸರಿನ ವಿದ್ಯಾಲಯಗಳ ಗತಿಯೂ ಅದೇ.